ಜಾಗ ಕಡಿಮೆ ಕಂಡುಬಂದಿದೆ

ಮೂರು ಎಲ್ಲಿ ಹೋಯಿತು ಎಂದು ಸುವರ್ಣಾ ಇವತ್ತೂ ತನ್ನನ್ನು ತಾನೇ ಕೇಳಿಕೊಳ್ಳಲು ಶುರು ಮಾಡಿದ್ದು ಬೆಳಿಗ್ಗೆ ರೊಟ್ಟಿ ಬಡಿಯುವಾಗ. ಬಸ್ಸು ದೇವರ ಹಿಪ್ಪರಗಿ ಬಿಟ್ಟು ಸಿಂದಗಿಯ ರಸ್ತೆ ಹಿಡಿದ ಮೇಲೂ ಅದನ್ನೇ ಕೇಳಿಕೊಳ್ಳುತ್ತಿದ್ದಳು. ಕಿಟಕಿಯಾಚೆ ತೊಗರಿ ಹೂ ಹಿಡಿದು ನಿಂತಿತ್ತು. ಬಾಲಕಿಯರ ಹೈಸ್ಕೂಲಿಗೆ ಕಂಪ್ಯೂಟರ್ ಬಂದು ಇಂದಿಗೆ ನಾಲ್ಕನೆಯ ದಿನ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ನಲವತ್ತು ಜಿ.ಬಿ. ಎಂದಿತ್ತು. ತೆರೆದು ನೋಡಿದರೆ ಪರದೆಯ ಮೇಲೆ ಮೂವತ್ತೇಳು ಪಾಯಿಂಟ್ ಎರಡು. ಬೇರೆ ಯಾರಾದರೂ ಆಗಿದ್ದರೆ ಅದನ್ನು ನೋಡುತ್ತಲೇ ಇರಲಿಲ್ಲ. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವಳಿಗೆ ಮಾತ್ರ ಅದು ಕಣ್ಣಿಗೆ ಬಿದ್ದ ಕಸದಂತೆ ಒತ್ತುತ್ತಿತ್ತು. ಅಳಿಸಿದ ಫೈಲುಗಳು ಬೀಳುವ ಬುಟ್ಟಿ ನೋಡಿದಳು, ಖಾಲಿ. ಬಚ್ಚಿಟ್ಟ ಫೈಲುಗಳನ್ನು ತೋರಿಸು ಎಂದು ಹೇಳಿ ಅವನ್ನೂ ಎಣಿಸಿದಳು. ಡಿಸ್ಕನ್ನು ಎರಡು ಹೋಳು ಮಾಡಿ ಒಂದನ್ನು ಮರೆಸಿದ್ದಾರೆಯೇ ಎಂದು ನೋಡಿದಳು; ಒಂದೇ ಹೋಳು. ಒಳಗೆ ಏನು ತುಂಬಿದೆ ಎಂಬುದು ಪ್ರಶ್ನೆಯೇ ಅಲ್ಲ, ತುಂಬುವ ಕೊಡವೇ ಚಿಕ್ಕದಾಗಿ ಬಂದಿದೆ. “ನಲವತ್ತರಾಗ ಮೂರು ಕಡಿಮಿ ಬಂದ್ರ ಏನಾತು?” ಎಂದು ಗಂಡ ಸಂಗಮೇಶ ತಾಟಿನ ಮುಂದೆ ಕೂತು ನಕ್ಕಿದ್ದ. “ಉಳದ ಮೂವತ್ತೇಳು ತುಂಬ್ಸಾಕ ನಿಮ್ಮ ಸಾಲ್ಯಾಗ ಏನೈತಿ? ಹುಡಿಗ್ಯಾರ ಹಾಜರಿ ಏನು?” ಅವಳೂ ನಕ್ಕಿದ್ದಳು. ಈಗ ಬಸ್ಸಿನಲ್ಲಿ ಆ ನಗು ಹುಳಿಯಾಗಿತ್ತು.

ಅವಳಿಗೆ ಕಂಪ್ಯೂಟರ್ ಇಟ್ಟ ಆ ಕೋಣೆ ಬೇಕಾಗಿತ್ತು. ಕಂಪ್ಯೂಟರಿಗಿಂತ ಹೆಚ್ಚಾಗಿ ಕೋಣೆ ಬೇಕಾಗಿತ್ತು ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹತ್ತು ದಿನದ ಕಂಪ್ಯೂಟರ್ ತರಬೇತಿಗೆ ವಿಜಾಪುರಕ್ಕೆ ಯಾರು ಹೋಗುತ್ತೀರಿ ಎಂದು ಹೆಡ್ ಮಾಸ್ತರರು ಕೇಳಿದಾಗ ಕೈ ಎತ್ತಿದವಳು ಅವಳೊಬ್ಬಳೇ. ನಲವತ್ತೇಳನೆಯ ವಯಸ್ಸಿನಲ್ಲಿ ಇವರಿಗೇಕೆ ಇದು ಎಂದು ಡ್ರಿಲ್ ಮಾಸ್ತರರು ಮೀಸೆಯಲ್ಲಿ ನಕ್ಕಿದ್ದನ್ನೂ ಕಂಡಿದ್ದಳು. ಮದುವೆಯಾಗಿ ಬಂದ ಮರುದಿನ ಅತ್ತೆ ಪಡಸಾಲೆಯ ಗೋಡೆಯಲ್ಲಿದ್ದ ಒಂದು ಮಾಡವನ್ನು ತೋರಿಸಿ, ತಲೆ ಬಾಚುವ ಹಣಿಗಿ, ಕುಂಕುಮದ ಡಬ್ಬಿ, ಪುಸ್ತಕ, ಏನಿದ್ದರೂ ಇದರಲ್ಲಿ ಇಟ್ಟುಕೋ, ಇದು ನಿನ್ನ ಜಾಗಾ ಎಂದಿದ್ದರು. ಒಂದು ಮೊಳ ಅಗಲ, ಮುಕ್ಕಾಲು ಮೊಳ ಎತ್ತರ. ಅತ್ತೆ ಕೆಟ್ಟವರಾಗಿರಲಿಲ್ಲ, ಅವರ ಅತ್ತೆ ಅವರಿಗೆ ಅದನ್ನೂ ಕೊಟ್ಟಿರಲಿಲ್ಲವಂತೆ. ತರಬೇತಿಯಲ್ಲಿ ಮಗನ ವಯಸ್ಸಿನ ಉಪನ್ಯಾಸಕ ಸಾವಿರದ ಇಪ್ಪತ್ನಾಲ್ಕು ಬೈಟ್ ಅಂದರೆ ಒಂದು ಕೆ.ಬಿ. ಎಂದು ಬರೆಸಿದಾಗ ಅವಳು ಎದ್ದು ನಿಂತು ಸಾವಿರ ಯಾಕಲ್ಲ ಎಂದು ಕೇಳಿದ್ದಳು. “ಅದು ಹಂಗ ಐತ್ರಿ ಮೇಡಂ, ಬರ್ಕೋರಿ” ಎಂದಿದ್ದ ಅವನು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಬರೆದುಕೊಂಡು ಕೂತಳು. ಹತ್ತು ದಿನದ ಕೊನೆಗೆ ಪರೀಕ್ಷೆಯಲ್ಲಿ ಮೊದಲನೆಯವಳು ಅವಳೇ. ಊರಿಗೆ ಮರಳಿದ ಮೇಲೆ ಶಾಲೆಯ ಹಳೆಯ ನಕಾಶೆಗಳನ್ನು ಇಡುತ್ತಿದ್ದ ಕೋಣೆಯನ್ನು ತೆರವು ಮಾಡಿಸಿ, ಸುಣ್ಣ ಹೊಡೆಸಿ, ಅದರ ಕೀಲಿಕೈಯನ್ನು ತನ್ನ ಪರ್ಸಿನಲ್ಲಿ ಹಾಕಿಕೊಂಡಾಗ ಅದು ತೂಕದ ವಸ್ತು ಎನಿಸಿತ್ತು.

ಬಸ್ಸಿಳಿದು ಶಾಲೆಯ ಗೇಟಿಗೆ ಬಂದಾಗ ಶಾಲೆಯ ಆಯಾ ತಿಪ್ಪವ್ವ ಕಸಬರಿಗೆ ಹಿಡಿದುಕೊಂಡೇ ಎದುರಿಗೆ ಓಡಿ ಬಂದಳು.

“ಬಾಯಾರ, ಏನ್ ಮಾಡಿದ್ರಿ ಇದು? ಊರ ತುಂಬಾ ನಿಮ್ಮದಽ ಮಾತಾಗೈತಿ.”

“ನಂದಾ? ನಾ ಏನ್ ಮಾಡೀನಿ?”

“ಸಾಲಿ ಜಾಗಾ ಯಾರೋ ತಿಂದಾರಂತ ನೀವು ಹೇಳೀರಂತಲ್ರಿ. ಬರದೂ ಕೊಟ್ಟೀರಂತ. ಚೇರ್ಮನ್ ಸಾಹೇಬ್ರು ಮೋಜಣಿ ಮಾಡಾವರನ್ನ ಕರಕೊಂಡು ಮೂರು ಗಂಟೇಕ ಬರಾವ್ರದಾರ, ಸರಪಳಿ ಹಾಕಿ ಅಳಸ್ತಾರಂತ. ಪಾಪ, ಅಖ್ತರಬೇಗಂ ಬೆಳಿಗ್ಗಿಂದ ಗಂಟು ಕಟ್ಟಾಕತ್ತಾಳ್ರಿ.”

ಸುವರ್ಣಾಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಒಮ್ಮೆಲೇ ಎಲ್ಲ ಅರ್ಥವಾಯಿತು. ನಿನ್ನೆ ಸಂಜೆ ಸ್ಟಾಫ್ ರೂಮಿನಲ್ಲಿ ಚಹದ ಲೋಟ ಹಿಡಿದು ಅವಳು ಹೇಳಿದ್ದಳು, ನಗುತ್ತಲೇ ಹೇಳಿದ್ದಳು, “ಹೊಸಾದರಾಗಿನ ಮೂರು ಜಿ.ಬಿ. ಜಾಗಾ ಯಾರೋ ತಿಂದಾರ ನೋಡ್ರಿ.” ಹೇಳುವಾಗ ಒಂದು ಸುಖವಿತ್ತು. ತನಗೆ ಮಾತ್ರ ಗೊತ್ತಿರುವ ಅಳತೆಯೊಂದನ್ನು ನಾಲ್ಕು ಜನರ ಮುಂದೆ ಆಡುವ ಸುಖ. ಲೋಟ ತೆಗೆದುಕೊಳ್ಳಲು ಬಂದ ತಿಪ್ಪವ್ವ ಆ ಜಿ.ಬಿ.ಯನ್ನು ಎಲ್ಲಿ ಕೈಬಿಟ್ಟಳೋ. ಜಾಗಾ ಮತ್ತು ತಿಂದಾರ ಎರಡೇ ಅವಳ ಜೊತೆ ಗೇಟು ದಾಟಿ ಹೊರಗೆ ಹೋಗಿದ್ದವು. ಈ ಊರಲ್ಲಿ ಜಾಗಾ ಎಂದರೆ ಮಣ್ಣು. ಮನೆ ಕಟ್ಟುವುದು, ಹಿಸ್ಸೆ ಕೇಳುವುದು, ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವುದು ಜಾಗಾಕ್ಕೆ. ಅದನ್ನು ತಿನ್ನುವುದು ಎಂದರೆ ಒಂದೇ ಅರ್ಥ. ಶಾಲೆಯ ಮೂಡಣ ಗೋಡೆಗೆ ಆತುಕೊಂಡು, ರಸ್ತೆಗೆ ಮುಖ ಮಾಡಿ ನಿಂತಿರುವುದು ಅಖ್ತರಬೇಗಮಳ ತಗಡಿನ ಹೊಲಿಗೆ ಅಂಗಡಿ ಒಂದೇ. ಹತ್ತೊಂಬತ್ತು ವರ್ಷದಿಂದ ಅದು ಅಲ್ಲೇ ಇದೆ. ಆ ಮೂಲೆಯಲ್ಲಿ ಎರಡು ಮಳಿಗೆ ಕಟ್ಟಿಸಬೇಕೆಂಬ ಆಸೆ ಚೇರ್ಮನ್ ಬಸಂತರಾಯರಿಗೆ ಎಷ್ಟು ವರ್ಷದಿಂದ ಇದೆ ಎಂಬುದು ಕೂಡ ಎಲ್ಲರಿಗೂ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಒಂದು ಕಾಗದ.

ಕಾಗದ ಹೆಡ್ ಮಾಸ್ತರರ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು. ಶಾಲೆಯ ಕೊರತೆಗಳನ್ನು ಬರೆದಿಟ್ಟು ಆಡಳಿತ ಮಂಡಳಿಗೆ ತೋರಿಸುವ ಶೆರಾ ಪುಸ್ತಕ. ನಿನ್ನೆಯ ತಾರೀಖಿನ ಕೆಳಗೆ ಮಾಸ್ತರರ ಗುಂಡು ಅಕ್ಷರ: ‘ಮೂಡಣ ದಿಕ್ಕಿನ ಕಂಪೌಂಡ್ ಗೋಡೆ ದುರಸ್ತಿ ಆಗಬೇಕು.’ ಅದರ ಕೆಳಗೆ ಅವಳ ಬಾಗಿದ, ನೀಟಾದ, ಹುಡುಗಿಯರು ನೋಡಿ ತಿದ್ದುವ ಅಕ್ಷರ: ‘ಜಾಗ ಕಡಿಮೆ ಕಂಡುಬಂದಿದೆ. ಎಲ್ಲಿ ಹೋಯಿತೆಂದು ವಿಚಾರಿಸುವುದು.’ ಕೆಳಗೆ ಸಹಿ. ಕಂಪ್ಯೂಟರ್ ಎಂಬ ಶಬ್ದ ಎಲ್ಲಿಯೂ ಇರಲಿಲ್ಲ. ಐದೂವರೆಯ ಬಸ್ಸಿನ ಅವಸರವಿತ್ತು, ನಿಜ. ಆದರೆ ಅದೊಂದೇ ಅಲ್ಲ. ಮೂರು ದಿನದಿಂದ ಅವಳ ಪಾಲಿಗೆ ಈ ಶಾಲೆಯಲ್ಲಿ ಇನ್ನೊಂದು ವಸ್ತುವೇ ಇರಲಿಲ್ಲ. ಜಾಗ ಎಂದರೆ ಎಲ್ಲರಿಗೂ ಅದೇ ಜಾಗ ಎಂದುಕೊಂಡಿದ್ದಳು. ಎಷ್ಟು ಸೊಕ್ಕಿನ ವಾಕ್ಯ ಎನಿಸಿತು ಈಗ ಓದಿದಾಗ. ವ್ಯಾಕರಣದಲ್ಲಿ ಒಂದು ತಪ್ಪಿರಲಿಲ್ಲ.

“ಸರ, ಇದು ಕಂಪ್ಯೂಟರ್ ಬಗ್ಗೆ ಬರದದ್ದು. ನಿಮಗ ಗೊತ್ತೈತೆಲ್ರಿ? ನೀವಽ ಬರದಿಡ್ರಿ ಅಂದ್ರಿ.”

ಹೆಡ್ ಮಾಸ್ತರ ಗುರಪ್ಪನವರು ಕನ್ನಡಕ ತೆಗೆದು ಒರೆಸತೊಡಗಿದರು. ಕಷ್ಟದ ಮಾತು ಬಂದಾಗ ಅವರ ಕನ್ನಡಕ ಯಾವಾಗಲೂ ಹೊಲಸಾಗುತ್ತಿತ್ತು. “ನನಗ ಗೊತ್ತೈತ್ರಿ ಬಾಯಾರ. ಮುಂಜಾನೆ ಚೇರ್ಮನ್ನರಿಗೂ ಹೇಳಬೇಕು ಅಂದ್ಕೊಂಡೆ. ಆದ್ರ ನೋಡ್ರಿ, ಕಂಪ್ಯೂಟರ್ ಅಂತ ಹೇಳಿದ್ರ ಮೂರು ಎಲ್ಲಿ ಹೋತು ಅಂತ ಕೇಳ್ತಾರ. ಆ ಖೋಲಿ ಕೀಲಿ ಎರಡು. ಒಂದು ನಿಮ್ಮ ಕಡೆ, ಒಂದು ತಿಪ್ಪವ್ವನ ಕಡೆ. ಏನಂತ ಹೇಳೂದು? ನಿಮಗ ಗೊತ್ತೈತೇನು, ಎಲ್ಲಿ ಹೋತಂತ?”

“ಇಲ್ಲ.”

“ಹಂಗಾದ್ರ ಸುಮ್ನಿರೂದು ಚಲೋ ಅಲ್ಲೇನ್ರಿ? ಅಳೀಲಿ ಬಿಡ್ರಿ. ಅಳದ್ರ ಏನಾಗತೈತಿ.”

ಅಳೆದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ತಗಡಿನ ಅಂಗಡಿಯ ಕೆಳಗಿನ ನೆಲ ಯಾರದ್ದು ಎಂದು ಯಾರೂ ಯಾವತ್ತೂ ಕೇಳಿದವರಲ್ಲ. ಹಿಂದೆ ಮುಖ್ಯೋಪಾಧ್ಯಾಯಿನಿಯಾಗಿದ್ದ ದೊಡ್ಡ ಬಾಯಾರು ಹುಡುಗಿಯರ ಬಟ್ಟೆ ಹೊಲಿಯಲು ಹತ್ತಿರವೇ ಒಬ್ಬರಿರಲಿ ಎಂದು ಬಾಯಿಮಾತಿನಲ್ಲಿ ಕೂರಿಸಿದ್ದು. ಸರಪಳಿ ಬಿದ್ದರೆ ಅಂಗಡಿ ಒಂದು ಫೂಟೋ ಒಂದೂವರೆ ಫೂಟೋ ಶಾಲೆಯ ಹದ್ದಿನೊಳಗೆ ಬಂದೇ ಬರುತ್ತದೆ. ಅಷ್ಟು ಸಾಕು. ಮೂರು ಗಂಟೆಯೊಳಗೆ ಆ ಮೂರು ಜಿ.ಬಿ. ಎಲ್ಲಿ ಹೋಯಿತೆಂದು ತಾನು ಹೇಳಬೇಕು, ಇಲ್ಲದಿದ್ದರೆ ಕದ್ದವಳೆಂದು ತಿಪ್ಪವ್ವನ ಹೆಸರು ಬರುತ್ತದೆ. ತಾನು ಸುಮ್ಮನಿದ್ದರೆ ಅಖ್ತರಬೇಗಮಳ ಅಂಗಡಿ ಹೋಗುತ್ತದೆ. ಇಷ್ಟು ಸ್ಪಷ್ಟವಾದ ಮೇಲೆ ಅವಳಿಗೆ ವಿಚಿತ್ರವಾದ ಸಮಾಧಾನವಾಯಿತು. ಪ್ರಶ್ನೆ ಲೆಕ್ಕದ ರೂಪಕ್ಕೆ ಬಂದಿತ್ತು. ಅವಳು ಲೆಕ್ಕಕ್ಕೆ ಹೆದರಿದವಳಲ್ಲ.

ಮಾಸ್ತರರ ಕೋಣೆಯಿಂದಲೇ ವಿಜಾಪುರಕ್ಕೆ ಫೋನು ಹಚ್ಚಿದಳು. ಕಂಪ್ಯೂಟರ್ ಜೋಡಿಸಿಕೊಟ್ಟು ಹೋದ ಅನಿಲ ಸಿಕ್ಕ. ಹಿಂದೆ ಎಲ್ಲೋ ಸ್ಕ್ರೂ ತಿರುಗಿಸುವ ಯಂತ್ರದ ಸದ್ದು. “ಮೇಡಂ, ಎಲ್ಲಾ ನಲವತ್ತರಾಗೂ ಅಷ್ಟಽ ತೋರಸ್ತೈತ್ರಿ. ನನ್ನ ಮನ್ಯಾಗಿಂದೂ ಹಂಗಽ ಐತಿ.” ಎಲ್ಲದರಲ್ಲೂ ಅಷ್ಟೇ ಏಕೆ ಎಂದು ಅವಳು ಕೇಳಿದಳು. “ಅದು ಹಂಗಽ ರೀ. ಕಂಪನಿಯವ್ರದು ಹಂಗಽ. ಯಾರೂ ಕೇಳಂಗಿಲ್ಲ ಮೇಡಂ, ನೀವೊಬ್ರಽ ಕೇಳಾಕತ್ತೀರಿ ನೋಡ್ರಿ.” ಅವನ ದನಿಯಲ್ಲಿ ಕುಹಕವಿರಲಿಲ್ಲ, ಸೋಜಿಗವಿತ್ತು. ಫೋನು ಇಟ್ಟ ಮೇಲೂ ಆ ‘ಹಂಗಽ’ ಕಿವಿಯಲ್ಲಿ ಉಳಿಯಿತು. ಅವಳ ಬದುಕಿನ ಎಷ್ಟು ಪ್ರಶ್ನೆಗಳಿಗೆ ಆ ಒಂದೇ ಉತ್ತರ ಬಂದಿತ್ತು! ಹೆಣ್ಣುಮಕ್ಕಳು ಕಡೆಗೆ ಉಣ್ಣುವುದು ಹಂಗಽ. ಎರಡನೆಯ ಕೂಸು ಹೊಟ್ಟೆಯಲ್ಲೇ ಹೋದದ್ದು ಹಂಗಽ. ಆದರೂ ಅನಿಲ ಒಂದು ಉಪಕಾರ ಮಾಡಿದ್ದ. ಎಲ್ಲ ನಲವತ್ತರಲ್ಲೂ ಅಷ್ಟೇ ಕಡಿಮೆ ಎಂದಾದರೆ ಅದು ಕಳವಲ್ಲ. ಕಳ್ಳನಾದವನು ಎಲ್ಲ ಮನೆಯಲ್ಲೂ ಒಂದೇ ಅಳತೆಯಲ್ಲಿ ಕದಿಯುವುದಿಲ್ಲ. ಅದೊಂದು ನಿಯಮ. ನಿಯಮವಾದರೆ ಅದಕ್ಕೆ ಕಾರಣವಿರಲೇಬೇಕು.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಗೇಟು ದಾಟಿ ತಗಡಿನ ಅಂಗಡಿಗೆ ಹೋದಳು. ಮೊದಲೇ ಹೋಗಬೇಕಿತ್ತು, ಬೆಳಗಿನಿಂದ ಎರಡು ಪಿರಿಯಡ್ಡಿನ ನೆವ ಹೇಳಿಕೊಂಡು ತಪ್ಪಿಸಿಕೊಂಡಿದ್ದಳು. ಅಖ್ತರಬೇಗಂ ನೆಲದ ಮೇಲೆ ಕೂತು ಕತ್ತರಿಸಿದ ಬಟ್ಟೆಗಳನ್ನು ಹುಡುಗಿಯರ ಹೆಸರಿನ ಚೀಟಿ ಹಚ್ಚಿ ಬೇರೆ ಬೇರೆ ಗಂಟು ಕಟ್ಟುತ್ತಿದ್ದಳು. ಅರವತ್ತರ ಹತ್ತಿರದ ಹೆಂಗಸು, ಕೊರಳಲ್ಲಿ ಅಳತೆಯ ಟೇಪು.

“ಬರ್ರಿ ಬಾಯಾರ, ಕೂಡ್ರಿ. ಕುರ್ಚಿ ಮ್ಯಾಲಿನ ಗಂಟು ಸರಸ್ರಿ. ಚಾ ತರಸ್ಲೇನು?”

“ಆಪಾ, ನಾ ಅದನ್ನ ನಿಮ್ಮ ಬಗ್ಗೆ ಬರದಿಲ್ಲ. ದೇವರಾಣೆ...”

“ನನಗೇನು ಗೊತ್ತಿಲ್ಲೇನ್ರಿ? ನನ್ನ ಮ್ಯಾಲ ಬರೀಬೇಕಂದ್ರ ನೀವು ಇಷ್ಟು ವರ್ಷ ಯಾಕ ಕಾಯ್ತೀರಿ?” ಅವಳು ನಕ್ಕಳು. “ಬರಿಯಾವ್ರಿಗೆ ಬರಿಯೂದಷ್ಟಽ ಗೊತ್ತು. ಓದಾವ್ರು ತಮಗ ಬೇಕಾದಂಗ ಓದತಾರ.”

ಬೈದಿದ್ದರೆ ಚೆನ್ನಾಗಿತ್ತು. ಸುವರ್ಣಾ ಕೂತಳು. ಈ ಕುರ್ಚಿಯ ಪಕ್ಕದಲ್ಲಿ, ಈ ಪರದೆಯ ಹಿಂದೆ, ಆರು ವರ್ಷದ ಹಿಂದೆ ಅವಳು ನಿಂತಿದ್ದಳು. ಸೊಲ್ಲಾಪುರದಲ್ಲಿ ಆಪರೇಶನ್ ಆಗಿ ಮೂರು ತಿಂಗಳಾಗಿತ್ತು. ಎದೆಯ ಎಡಗಡೆ ಚಪ್ಪಟೆ. ಹಳೆಯ ಕುಪ್ಪಸಗಳೆಲ್ಲ ಒಂದು ಬದಿಗೆ ಜೋಲುತ್ತಿದ್ದವು. ಸೆರಗನ್ನು ಎರಡು ಸುತ್ತು ಹೊದ್ದು ಶಾಲೆಗೆ ಬರುತ್ತಿದ್ದಳು, ಬೋರ್ಡಿನ ಕಡೆ ತಿರುಗಿ ಬರೆಯುವಾಗಲೂ ಬೆನ್ನ ಮೇಲೆ ಕಣ್ಣುಗಳಿದ್ದವು. ಅಖ್ತರಬೇಗಂ ಟೇಪು ಸುತ್ತಿದ್ದಳು. ಎಡಗಡೆ ಬಂದಾಗ ಅವಳ ಕೈ ನಿಲ್ಲಲಿಲ್ಲ, ಅವಸರವೂ ಪಡಲಿಲ್ಲ, ಬಲಗಡೆ ಹೇಗೆ ಹಾಯಿತೋ ಹಾಗೆಯೇ ಹಾಯಿತು. ಅಳತೆಯ ವಹಿಯಲ್ಲಿ ಹಳೆಯ ಅಂಕಿಯ ಮುಂದೆ ಹೊಸದನ್ನು ಬರೆಯದೆ ಸುಮ್ಮನೆ ಮುಚ್ಚಿಟ್ಟಳು. ವಾರದ ಮೇಲೆ ಬಂದ ಕುಪ್ಪಸದ ಒಳಗೆ ಎಡಭಾಗದಲ್ಲಿ ಹಳೆಯ ಮಲಮಲ್ ಬಟ್ಟೆಯ ನಾಲ್ಕು ಮಡಿಕೆ, ಎಲ್ಲಿಯೂ ಚುಚ್ಚದ ಹಾಗೆ ಅಂಚು ಕಟ್ಟಿ ಹೊಲಿದದ್ದು. ಆಡಿದ್ದು ಒಂದೇ ಮಾತು: “ಒಗದ ಮ್ಯಾಲ ನೆಳ್ಳಾಗ ಒಣಗಸ್ರಿ.” ಆ ಮೇಲೆ ಪ್ರತಿ ವರ್ಷ ಆರು ಕುಪ್ಪಸ ಹಾಗೆಯೇ ಬಂದವು. ಇವತ್ತಿನದೂ ಅದೇ. ಗಂಡನ ಮುಂದೆ ಕೂಡ ದೀಪ ಆರಿಸಿ ಬಟ್ಟೆ ಬದಲಿಸುವವಳು ಆ ಪರದೆಯ ಹಿಂದೆ ಮಾತ್ರ ನೆಟ್ಟಗೆ ನಿಂತಿದ್ದಳು. ಅವಳಿಗೆ ಈಗ ಅಳು ಬರಬಹುದಿತ್ತು. ಬರಲಿಲ್ಲ, ಅಳುವುದಕ್ಕೆ ಬಂದಿಲ್ಲ ತಾನು ಎನಿಸಿತು.

“ನೀವು ಗಂಟು ಬಿಚ್ಚಿಡ್ರಿ ಆಪಾ. ಮೂರು ಗಂಟೇಕ ನಾ ಹೇಳ್ತೇನಿ.”

“ಏನಂತ ಹೇಳ್ತೀರಿ?”

“ಕಂಪ್ಯೂಟರಿನಾಗ ನಲವತ್ತು ಇರಬೇಕಾಗಿತ್ತು, ಮೂವತ್ತೇಳಽ ಕಾಣಸಾಕತ್ತೈತಿ. ಯಾಕಂತ ಇನ್ನೂ ತಿಳದಿಲ್ಲ.”

ಅಖ್ತರಬೇಗಂ ಕೈಯಲ್ಲಿದ್ದ ಗಂಟನ್ನು ಬಿಟ್ಟು ತಲೆ ಎತ್ತಿದಳು. “ನಲವತ್ತಕ್ಕ ಮೂರು ಕಡಿಮಿ? ಅಯ್ಯ, ಇದು ನನ್ನದಽ ಕಥಿ ಆತಲ್ರಿ! ನೀವು ಈ ಸಾಲಿಗೆ ಬರೂಕಿಂತ ಮೊದಲಿನ ಮಾತು. ಸೊಲ್ಲಾಪುರದಿಂದ ಲಂಗದ ಬಟ್ಟಿ ಬಂತು, ಥಾನದ ಮ್ಯಾಲ ನಲವತ್ತು ಅಂತ ಬರದಿತ್ತು. ಹೊಲಿದ ಮ್ಯಾಲ ಆಗಿನ ಗುಮಾಸ್ತ ಮೀಟರ್ ಕೋಲು ಹಿಡಕೊಂಡು ಬಂದು ಲಂಗ ಒಂದೊಂದಽ ಅಳದು ಕೂಡಿಸಿದ. ಮೂವತ್ತಾರೂವರಿ. ಮೂರೂವರಿ ಮೀಟರ್ ಬಟ್ಟಿ ಅಖ್ತರಬೇಗಂ ತಿಂದಾಳಂತ ಪಂಚಾಯ್ತಿ ಆತು. ನನ್ನ ಮಗಳ ಮೈಮ್ಯಾಗಿನ ಲಂಗದ ಬಣ್ಣಾನೂ ನೋಡಿದ್ರು.” ಅವಳು ಕೊರಳಿನ ಟೇಪು ತೆಗೆದು ಎರಡೂ ಕೈಯಲ್ಲಿ ಎಳೆದು ಹಿಡಿದಳು. “ನಾ ಏನೂ ಮಾತಾಡಲಿಲ್ರಿ. ಇದನ್ನ ಹಿಂಗ ಹಿಡದೆ, ಆಮ್ಯಾಲ ಹಿಂಗ ತಿರುವಿದೆ. ಈ ಕಡೆ ಗಜ, ಈ ಕಡೆ ಮೀಟರ್. ಥಾನಿನಾವ ಗಜದಾಗ ಬರದಾನ, ನೀವು ಮೀಟರಿನಾಗ ಓದೀರಿ. ಬಟ್ಟಿ ಅಷ್ಟಽ ಐತಿ.”

ಟೇಪಿನ ಒಂದು ಮೈ ಹಳದಿ, ಇನ್ನೊಂದು ಮೈ ಬಿಳಿ. ಸುವರ್ಣಾ ಅದನ್ನೇ ನೋಡುತ್ತ ಕೂತಳು. ಸಾವಿರ ಯಾಕಲ್ಲ ಎಂದು ತಾನು ಕೇಳಿದ್ದು, ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕದ್ದು, ಹುಡುಗ ಬರ್ಕೋರಿ ಎಂದದ್ದು. ಆ ಪ್ರಶ್ನೆ ಮೂರ್ಖತನದ್ದಾಗಿರಲಿಲ್ಲ. ಅದೇ ಪ್ರಶ್ನೆಯಾಗಿತ್ತು. ಎದ್ದಳು. ಹೇಳದೆಯೇ ಎದ್ದು ನಡೆದುಬಿಟ್ಟಳು. ಗೇಟಿನ ಹತ್ತಿರ ಬಂದ ಮೇಲೆ ಹೇಳಿ ಬರಲಿಲ್ಲ ಎಂದು ನೆನಪಾಗಿ ತಿರುಗಿ ನೋಡಿದಾಗ ಅಖ್ತರಬೇಗಂ ಬಾಗಿಲಲ್ಲಿ ನಿಂತು, ಹೋಗ್ರಿ ಹೋಗ್ರಿ ಎಂದು ಕೈ ಮಾಡಿದಳು.

ಕಂಪ್ಯೂಟರ್ ಚಾಲೂ ಆಗಲು ತೆಗೆದುಕೊಳ್ಳುವ ಹೊತ್ತು ಅವತ್ತು ಬಹಳ ಉದ್ದವಿತ್ತು. ಡಿಸ್ಕಿನ ಗುಣವಿವರ ತೆರೆದಳು. ಮೂರು ದಿನದಲ್ಲಿ ಹತ್ತು ಸಲ ತೆರೆದ ಪುಟ. ಅದರಲ್ಲಿ 37.2 ಎಂಬುದರ ಎಡಕ್ಕೆ, ಅದೇ ಸಾಲಿನಲ್ಲಿ, ಒಂದು ಉದ್ದನೆಯ ಸಂಖ್ಯೆ ಮೊದಲಿನಿಂದಲೂ ಕೂತಿತ್ತು: 40,007,729,152 ಬೈಟ್. ಅದನ್ನು ಅವಳು ಒಂದು ಸಲವೂ ಓದಿರಲಿಲ್ಲ. ಅಲ್ಪವಿರಾಮಗಳು ತನಗೆ ರೂಢಿಯಿಲ್ಲದ ಕಡೆ ಬಿದ್ದಿದ್ದರಿಂದ ಕಣ್ಣು ಅದನ್ನು ಅಲಂಕಾರವೆಂದು ದಾಟಿಬಿಟ್ಟಿತ್ತು. ಈಗ ಸೀಮೆಸುಣ್ಣ ತೆಗೆದುಕೊಂಡು ಗೋಡೆಯ ಬೋರ್ಡಿನ ಮೇಲೆ ಅದೇ ಸಂಖ್ಯೆಯನ್ನು ಬರೆದು, ಅಲ್ಪವಿರಾಮಗಳನ್ನು ಕೋಟಿ, ಲಕ್ಷ, ಸಾವಿರಗಳ ಜಾಗಕ್ಕೆ ಸರಿಸಿದಳು. ನಾಲ್ಕು ಸಾವಿರ ಕೋಟಿ, ಮೇಲೆ ಎಪ್ಪತ್ತೇಳು ಲಕ್ಷ ಚಿಲ್ಲರೆ. ನಲವತ್ತು. ಪೂರಾ ನಲವತ್ತು, ಮೇಲೊಂದಿಷ್ಟು ಕೊಸರು ಕೂಡ ಕೊಟ್ಟಿದ್ದಾರೆ. ಡಬ್ಬಿಯ ಮೇಲೆ ಬರೆದವನು ಸಾವಿರ ಸಾವಿರದಂತೆ ಎಣಿಸಿದ್ದ. ಒಳಗಿನ ಯಂತ್ರ ಸಾವಿರದ ಇಪ್ಪತ್ನಾಲ್ಕರಂತೆ ಎಣಿಸುತ್ತಿತ್ತು. ಅವಳು ಭಾಗಿಸತೊಡಗಿದಳು. ಒಮ್ಮೆ ಸಾವಿರದ ಇಪ್ಪತ್ನಾಲ್ಕರಿಂದ. ಶೇಷವಿಲ್ಲದೆ ಹೋಯಿತು, ಅವಳಿಗೆ ಮೈ ಜುಮ್ಮೆಂದಿತು. ಎರಡನೆಯ ಸಲ. ಮೂರನೆಯ ಸಲ. ಬೋರ್ಡು ತುಂಬಿ, ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಕೊನೆಯ ಸಾಲು ಬರೆದಳು. ಮೂವತ್ತೇಳು ಪಾಯಿಂಟ್ ಎರಡು ಆರು. ಯಾರೂ ತಿಂದಿರಲಿಲ್ಲ. ಎಲ್ಲಿಗೂ ಹೋಗಿರಲಿಲ್ಲ. ಅವಳು ಬರೆದದ್ದು ಮಾತ್ರ ಸುಳ್ಳಾಗಿತ್ತು.

ಕೈಯ ಸುಣ್ಣ ಸೀರೆಗೆ ಒರೆಸಿಕೊಂಡು ಒಂದು ಗಳಿಗೆ ಹಾಗೆಯೇ ಕೂತಿದ್ದಳು. ಇಷ್ಟು ಸಂತೋಷ ಯಾವಾಗ ಆಗಿತ್ತು ಎಂದು ನೆನೆಯಲು ನೋಡಿದಳು. ಇಂಗಳೇಶ್ವರದ ತವರುಮನೆಯ ಕಟ್ಟೆಯ ಮೇಲೆ ಕೂತು ಅಣ್ಣನಿಗೆ ಬಾರದ ಲೆಕ್ಕ ಬಿಡಿಸಿ, ಅಪ್ಪ ಅದನ್ನು ಅಣ್ಣನದೇ ಎಂದುಕೊಂಡು ಅವನ ಬೆನ್ನು ತಟ್ಟಿದ ದಿನ ನೆನಪಾಯಿತು. ಅವತ್ತು ಅವಳು ಸುಮ್ಮನಿದ್ದಳು. ಸುಮ್ಮನಿರುವುದರಲ್ಲೂ ಒಂದು ಹೆಮ್ಮೆಯಿದೆ ಎಂದು ಬಹಳ ವರ್ಷ ನಂಬಿದ್ದಳು.

ಮೂರು ಗಂಟೆಗೆ ಸರಿಯಾಗಿ ಬಸಂತರಾಯರು ಬಂದರು. ಶುಭ್ರ ಧೋತರ, ಕೈಯಲ್ಲಿ ಮೊಬೈಲು. ಹಿಂದೆ ಮೋಜಣಿ ಮಾಡುವ ಪರಶು, ಅವನ ಹೆಗಲಿಗೆ ಸರಪಳಿಯ ಚೀಲ, ಜೊತೆಗೆ ಮಂಡಳಿಯ ಇಬ್ಬರು ಸದಸ್ಯರು. ಎಲ್ಲರೂ ಹೆಡ್ ಮಾಸ್ತರರ ಕೋಣೆಯಲ್ಲಿ ಕೂತರು. ತಿಪ್ಪವ್ವ ಚಹ ತಂದವಳು ಹೊರಗೆ ಹೋಗದೆ ಬಾಗಿಲಿಗೆ ಒರಗಿ ನಿಂತಳು.

“ಬರ್ರಿ ಬರ್ರಿ ಬಾಯಾರ,” ಎಂದರು ಬಸಂತರಾಯರು. “ಸಾಲಿ ಬಗ್ಗೆ ಇಷ್ಟು ಕಳಕಳಿ ಇದ್ದವ್ರು ನೀವೊಬ್ರಽ ನೋಡ್ರಿ. ಗಂಡಸರ ಕಣ್ಣಿಗೆ ಬೀಳಲಿಲ್ಲ, ನಿಮ್ಮ ಕಣ್ಣಿಗೆ ಬಿತ್ತು.”

“ಸಾವಕಾರ್ರ, ನಾ ಬರದದ್ದು ಕಂಪ್ಯೂಟರಿನ ಜಾಗಾದ ಬಗ್ಗೆ.” ನಿಂತುಕೊಂಡೇ ಅವಳು ಎಲ್ಲವನ್ನೂ ಹೇಳಿದಳು. ಡಬ್ಬಿಯ ನಲವತ್ತು, ಪರದೆಯ ಮೂವತ್ತೇಳು, ಗಜ ಮತ್ತು ಮೀಟರ್. ಕ್ಲಾಸಿನಲ್ಲಿ ಹೇಳುವಂತೆ ಹೇಳಿದಳು, ನಿಧಾನವಾಗಿ, ಹಿಂದಿನ ಬೆಂಚಿಗೂ ಕೇಳುವಂತೆ. ಪರಶು ಬಾಯಿ ತೆರೆದು ಕೇಳುತ್ತಿದ್ದ. ಅಳತೆಯವನಿಗೆ ಅಳತೆಯ ಮಾತು ಬೇಗ ತಿಳಿದಿತ್ತು. “ಅಂದ್ರ ನಮ್ಮ ಹಳೀ ಎಕರೆ-ಗುಂಟೆ ಹೊಸಾ ಹೆಕ್ಟೇರಿಗೆ ಬಿದ್ದಂಗ ಆತ್ರಿ,” ಎಂದ.

ಬಸಂತರಾಯರು ಜೋರಾಗಿ ನಕ್ಕರು. “ಭೇಷ್! ಕಂಪ್ಯೂಟರಿನ ಮಾತು ಮುಗೀತು. ಒಳ್ಳೇದಾತು. ಈಗ ಹ್ಯಾಂಗೂ ಬಂದೀವಿ, ಪರಶೂ ಸರಪಳಿ ತಂದಾನ. ಅಳದಽ ಬಿಡೂಣ.”

“ಕಡಿಮಿ ಆಗಿಲ್ಲ ಅಂದ ಮ್ಯಾಲ ಅಳಿಯೂದು ಯಾಕ್ರಿ?”

“ಬಾಯಾರ, ಬಾಯಿಂದ ಹೇಳಿದ್ದು ಬ್ಯಾರೆ, ಬರದದ್ದು ಬ್ಯಾರೆ.” ಅವರು ಶೆರಾ ಪುಸ್ತಕದ ಮೇಲೆ ಉಗುರಿನಿಂದ ಬಡಿದರು. “ಗೋಡೆ ದುರಸ್ತಿ ಅಂತ ಮಾಸ್ತರ್ರು ಬರದಾರ. ಕೆಳಗ ಜಾಗಾ ಕಡಿಮಿ ಅಂತ ನೀವು ಬರದೀರಿ. ಇದರಾಗ ಕಂಪ್ಯೂಟರ್ ಅಂತ ಎಲ್ಲೈತಿ, ತೋರಸ್ರಿ?”

ಕೋಣೆಯಲ್ಲಿ ಎಲ್ಲರೂ ಅವಳನ್ನು ನೋಡಿದರು. ಅವಳು ಮೇಜಿನ ಹತ್ತಿರ ಹೋಗಿ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಪರ್ಸಿನಿಂದ ಮಸಿ ಪೆನ್ನು ತೆಗೆದಳು. ತನ್ನ ಸಹಿಯ ಕೆಳಗೆ ಬರೆಯತೊಡಗಿದಳು: ‘ಮೇಲಿನ ಶೆರಾ ನಾನು ಹೊಸ ಗಣಕಯಂತ್ರದ ಬಗೆಗೆ ಬರೆದದ್ದು. ಅಳತೆ ತಿಳಿಯದೆ ಬರೆದ ತಪ್ಪು ನನ್ನದು.’ ತಪ್ಪು ಎಂಬ ಶಬ್ದ ಬರೆಯುವಾಗ ಡ್ರಿಲ್ ಮಾಸ್ತರರು ನಾಳೆ ಇದನ್ನು ಸ್ಟಾಫ್ ರೂಮಿನಲ್ಲಿ ಓದುವ ದನಿ ಕೇಳಿಸಿತು. ಓದಲಿ. ಆಮೇಲೆ ‘ಜಾಗ ಎಲ್ಲಿಯೂ ಕಡಿಮೆ ಇಲ್ಲ’ ಎಂದು ಬರೆಯಲು ಹೋಗಿ ಕೈ ನಿಂತಿತು. ಎಲ್ಲಿಯೂ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೋಡೆಯನ್ನು ಅವಳು ಅಳೆದಿರಲಿಲ್ಲ. ಗೊತ್ತಿಲ್ಲದ್ದನ್ನು ಬರೆದೇ ಅಲ್ಲವೇ ಇಷ್ಟೆಲ್ಲ ಆದದ್ದು? ಒಂದು ಕ್ಷಣ ಯೋಚಿಸಿ ಬರೆದಳು: ‘ಈ ಶೆರಾ ರದ್ದು. ನೆಲದ ಬಗೆಗೆ ನಾನು ಯಾವ ದೂರನ್ನೂ ಕೊಟ್ಟಿಲ್ಲ.’ ಸಹಿ ಹಾಕಿದಳು.

ಪರಶು ಕತ್ತು ಚಾಚಿ ಓದಿ ಸರಪಳಿಯ ಚೀಲದ ಬಾಯಿ ಕಟ್ಟಿದ. “ದೂರು ಇಲ್ಲಂದ್ರ ನಾ ಸರಪಳಿ ಹಾಕಾಕ ಬರಂಗಿಲ್ರಿ ಸಾವಕಾರ್ರ. ನಿಮ್ಮ ಹೆಸರಿಲೆ ಒಂದು ಅರ್ಜಿ ಕೊಡ್ರಿ, ಬಂದು ಅಳೀತೇನಿ.”

ತಮ್ಮ ಹೆಸರಿನಲ್ಲಿ. ಬಸಂತರಾಯರ ನಗು ಅಲ್ಲಿಗೆ ನಿಂತಿತು. ನಾಳೆ ಅವರು ಬರೆಯಬಹುದು ಎಂದು ಸುವರ್ಣಾಳಿಗೂ ಗೊತ್ತಿತ್ತು. ಬರೆದರೆ ಅವರ ಅಕ್ಷರದಲ್ಲಿ ಬರೆಯುತ್ತಾರೆ, ಊರು ಅವರ ಹೆಸರಿನಲ್ಲಿ ಓದುತ್ತದೆ. ತನ್ನದರಲ್ಲಿ ಅಲ್ಲ. ಅವರು ಅಂಥ ಅರ್ಜಿ ಬರೆಯುವವರಾಗಿದ್ದರೆ ಇಷ್ಟು ವರ್ಷ ಇನ್ನೊಬ್ಬರ ಕಾಗದಕ್ಕೆ ಕಾಯುತ್ತಿರಲಿಲ್ಲ ಎಂದೂ ಅನಿಸಿತು.

“ತಪ್ಪು ನಂದು ಅಂತ ನೀವಽ ಬರಕೊಟ್ರಿ,” ಎಂದರು ಅವರು ಮೆಲ್ಲಗೆ. “ಅಳತಿ ತಿಳೀಲಾರದವ್ರ ಕೈಯಾಗ ಅಷ್ಟು ದೊಡ್ಡ ಮಿಶಿನ್ ಇಡೂದು ಹ್ಯಾಂಗ? ಮಂಡಳಿ ವಿಚಾರ ಮಾಡಬೇಕಾಗತೈತಿ. ಆ ಖೋಲಿ ಕೀಲಿ ಇಲ್ಲಿಡ್ರಿ.”

ಬಾಗಿಲಲ್ಲಿ ತಿಪ್ಪವ್ವ “ಅಯ್ಯ” ಎಂದದ್ದು ಕೇಳಿಸಿತು. ಹೆಡ್ ಮಾಸ್ತರರು ಕನ್ನಡಕ ತೆಗೆದರು. ಸುಣ್ಣದ ವಾಸನೆಯ ಆ ಕೋಣೆ, ಕಿಟಕಿಯ ಪಕ್ಕದ ಕುರ್ಚಿ, ಬೋರ್ಡಿನ ತುಂಬ ಇಳಿದು ಬಂದ ಭಾಗಾಕಾರ; ಎಲ್ಲ ಒಮ್ಮೆ ಅವಳ ಕಣ್ಣ ಮುಂದೆ ಬಂತು. ಪರ್ಸಿನಿಂದ ಕೀಲಿಕೈ ತೆಗೆದು ಮೇಜಿನ ಮೇಲೆ ಇಟ್ಟಳು.

“ಯಾರ ಕೈಯಾಗ ಬೇಕಾದ್ರೂ ಕೊಡ್ರಿ ಸಾವಕಾರ್ರ. ಆದ್ರ ಅವರಿಗೂ ಅದು ಮೂವತ್ತೇಳಽ ತೋರಸ್ತೈತಿ. ಆವಾಗ ಯಾಕಂತ ಹೇಳಾಕ ನನ್ನಽ ಕರೀಬೇಕು.”

ಪರಶು ಕೆಮ್ಮಿದಂತೆ ಮಾಡಿ ನಗು ನುಂಗಿದ. ಬಸಂತರಾಯರು ಪುಸ್ತಕ ಮುಚ್ಚಲೆಂದು ಕೈ ಚಾಚಿದರು.

“ತಡೀರಿ,” ಎಂದಳು ಸುವರ್ಣಾ. “ಮಸಿ ಇನ್ನೂ ಹಸಿ ಐತಿ. ಈಗ ಮುಚ್ಚಿದ್ರ ಹತ್ತಿಕೊಂಡು ಓದಾಕ ಬರಂಗಿಲ್ಲ.” ಅವಳು ಬಾಗಿ, ತಾನು ಬರೆದ ಸಾಲುಗಳ ಮೇಲೆ ಮೆಲ್ಲಗೆ ಊದಿದಳು. ‘ತಪ್ಪು’ ಆರಿತು. ‘ನನ್ನದು’ ಆರಿತು. ಸಹಿಯ ಬಾಲ ಇನ್ನೂ ಹೊಳೆಯುತ್ತಿತ್ತು. ಐದು ಜನ ಗಂಡಸರು ಕಾಯುತ್ತಿದ್ದರು. ಅವಳು ಇನ್ನೊಂದು ಸಲ, ಯಾವ ಅವಸರವೂ ಇಲ್ಲದೆ, ಊದಿದಳು.